ಎಕ್ಸ್‌ಪೆಕ್ಟ್: ಅರ್ಥವೇನು, ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು? ಪದೇ ಪದೇ ಕೇಳುವ ಪ್ರಶ್ನೆಗಳು

‘ಎಕ್ಸ್‌ಪೆಕ್ಟೇ ಮಾಡಿರ್ಲಿಲ್ಲ’, ‘ಜಾಸ್ತಿ ಎಕ್ಸ್‌ಪೆಕ್ಟೇಶನ್ ಇಟ್ಕೋಬೇಡ’ ಎಂಬ ಮಾತುಗಳು ಕನ್ನಡದ ಮನೆಮನೆಯಲ್ಲೂ ಕೇಳಿಬರುತ್ತವೆ. ಮಾತಿನಲ್ಲಿ ಇಷ್ಟು ಸಲೀಸಾಗಿರುವ ಈ ಪದ ಇಂಗ್ಲಿಷಿನಲ್ಲಿ ಇಮೇಲ್ ಬರೆಯುವಾಗ, ಸಂದರ್ಶನದಲ್ಲಿ ಉತ್ತರಿಸುವಾಗ ಕೈಕೊಡುತ್ತದೆ. ಇದಕ್ಕೆ ವ್ಯಾಕರಣಕ್ಕಿಂತ ದೊಡ್ಡ ಕಾರಣ ಅರ್ಥದ ಗೊಂದಲ. ಕೆಳಗಿನ ಇಂಗ್ಲಿಷ್ ವಾಕ್ಯಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಗಟ್ಟಿಯಾಗಿ ಓದಿಕೊಂಡರೆ ಬೇಗ ರೂಢಿಯಾಗುತ್ತದೆ.

ಎಕ್ಸ್‌ಪೆಕ್ಟ್ ಅಂದರೆ ಒಂದೇ ಮಾತಿನಲ್ಲಿ ಏನು?

ಏನೋ ಒಂದು ಆಧಾರ ಇಟ್ಟುಕೊಂಡು ‘ಹೀಗೇ ಆಗುತ್ತದೆ’ ಎಂದು ನಂಬುವುದು. ಈ ಅರ್ಥದಲ್ಲಿ ಆಸೆ ಸೇರಿರಲೇಬೇಕೆಂದಿಲ್ಲ. ಅಂಗಳದಲ್ಲಿ ರಾಗಿ ಒಣಹಾಕಿದವರಿಗೆ ಮಳೆ ಬೇಡವೇ ಬೇಡ. ಆದರೂ ಮೋಡ ಕವಿದದ್ದನ್ನು ನೋಡಿ ಅವರು ‘ಐ ಎಕ್ಸ್‌ಪೆಕ್ಟ್ ರೇನ್’ ಅನ್ನಬಹುದು. ಮಳೆ ಬರಲೆಂದು ಅವರು ಹಾರೈಸುತ್ತಿಲ್ಲ, ಬಂದೇ ಬರುತ್ತದೆ ಎಂದು ಅಂದಾಜು ಮಾಡುತ್ತಿದ್ದಾರೆ. ಈ ಒಂದು ಉದಾಹರಣೆ ಮನಸ್ಸಿನಲ್ಲಿದ್ದರೆ ಪದದ ಅರ್ಧ ಕಷ್ಟ ತೀರಿತು.

ನಿಘಂಟಿನಲ್ಲಿ ‘ನಿರೀಕ್ಷಿಸು’ ಎಂದಿದೆಯಲ್ಲ, ಅಷ್ಟು ಸಾಲದೇ?

ಸಾಲದು. ತಪ್ಪುಗಳು ಹುಟ್ಟುವುದೇ ಇಲ್ಲಿಂದ. ಕನ್ನಡದ ‘ನಿರೀಕ್ಷೆ’ ಇಂಗ್ಲಿಷಿನ ಮೂರು ಕ್ರಿಯಾಪದಗಳ ಕೆಲಸ ಮಾಡುತ್ತದೆ. ‘ಬಸ್ಸಿನ ನಿರೀಕ್ಷೆಯಲ್ಲಿ ನಿಂತಿದ್ದಾರೆ’ ಎಂದರೆ ಕಾಯುತ್ತಿದ್ದಾರೆ, ಅದು ‘ವೇಟ್’. ‘ಒಳ್ಳೆಯ ಫಲಿತಾಂಶದ ನಿರೀಕ್ಷೆಯಲ್ಲಿದ್ದಾರೆ’ ಎಂದರೆ ಬಯಸುತ್ತಿದ್ದಾರೆ, ಅದು ಹೆಚ್ಚಿನ ಸಲ ‘ಹೋಪ್’. ‘ನಾಳೆ ಮಳೆ ನಿರೀಕ್ಷಿಸಲಾಗಿದೆ’ ಎಂಬಲ್ಲಿ ಮಾತ್ರ ಅಚ್ಚುಕಟ್ಟಾಗಿ ‘ಎಕ್ಸ್‌ಪೆಕ್ಟ್’ ಕೂರುತ್ತದೆ.

ಹಾಗಾಗಿ ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ‘ನಿರೀಕ್ಷಿಸು’ ಎಂಬ ಪದವನ್ನು ಬದಿಗಿಟ್ಟು, ನೀವು ನಿಜಕ್ಕೂ ಹೇಳಬೇಕೆಂದಿರುವುದು ಯಾವುದು ಎಂದು ನೋಡಿಕೊಳ್ಳಿ: ಹೊತ್ತು ಕಳೆಯುತ್ತಾ ಕಾದಿದ್ದೀರಾ, ಆಗಲಿ ಎಂದು ಆಸೆಪಡುತ್ತಿದ್ದೀರಾ, ಇಲ್ಲವೇ ಆಗುತ್ತದೆ ಎಂದು ಲೆಕ್ಕ ಹಾಕಿದ್ದೀರಾ? ಮೂರೂ ಒಟ್ಟಿಗೆ ಇರಬಹುದು. ಬಸ್ ಸ್ಟ್ಯಾಂಡಿನಲ್ಲಿ ನಿಂತವರು ಹೇಳುವ ಈ ಮೂರು ವಾಕ್ಯಗಳನ್ನು ನೋಡಿ:

‘ಐ ಆಮ್ ವೇಟಿಂಗ್ ಫಾರ್ ದ ಬಸ್.’ ಕಾಯುತ್ತಾ ನಿಂತಿದ್ದೇನೆ.
‘ಐ ಎಕ್ಸ್‌ಪೆಕ್ಟ್ ಇಟ್ ಅಟ್ ಟೆನ್.’ ಹತ್ತಕ್ಕೆ ಬರುತ್ತದೆ ಎಂದು ವೇಳಾಪಟ್ಟಿ ಹೇಳುತ್ತದೆ.
‘ಐ ಹೋಪ್ ದೇರ್ ಇಸ್ ಎ ಸೀಟ್.’ ಸೀಟು ಸಿಕ್ಕಿದರೆ ಸಾಕಪ್ಪ.

‘ಐ ಆಮ್ ಎಕ್ಸ್‌ಪೆಕ್ಟಿಂಗ್ ಫಾರ್ ದ ಬಸ್’ ಎಂಬುದು ತಪ್ಪು. ‘ವೇಟ್’ಗೆ ಬೇಕಾದ ‘ಫಾರ್’ ಇಲ್ಲಿ ಬಂದು ಅಂಟಿಕೊಂಡಿದೆ. ಎಕ್ಸ್‌ಪೆಕ್ಟ್ ಆದಮೇಲೆ ‘ಫಾರ್’ ಹಾಕದೆ ನೇರವಾಗಿ ವಸ್ತುವನ್ನೇ ಹೇಳಬೇಕು.

‘ಐ ಎಕ್ಸ್‌ಪೆಕ್ಟ್ ಟು ಪಾಸ್’, ‘ಐ ಹೋಪ್ ಟು ಪಾಸ್’: ಯಾವುದು ಸರಿ?

ಎರಡೂ ಸರಿ, ಆದರೆ ಹೇಳುವವರ ಸ್ಥಿತಿ ಬೇರೆ ಬೇರೆ. ಪರೀಕ್ಷೆ ಮುಗಿಸಿ ಬಂದು, ಕೀ ಉತ್ತರ ಇಟ್ಟುಕೊಂಡು ಅಂಕ ಕೂಡಿಸಿ ನೋಡಿದವರು ‘ಎಕ್ಸ್‌ಪೆಕ್ಟ್’ ಅನ್ನಬಹುದು. ಎರಡು ಪ್ರಶ್ನೆ ಬಿಟ್ಟು ಬಂದು ದೇವರ ಮೇಲೆ ಭಾರ ಹಾಕಿದವರು ‘ಹೋಪ್’ ಅನ್ನಬೇಕು. ಬೇರೆಯವರಿಗೆ ಶುಭ ಕೋರುವಾಗಲಂತೂ ‘ಹೋಪ್’ ಒಂದೇ ದಾರಿ. ಆಸ್ಪತ್ರೆಯಲ್ಲಿರುವ ಗೆಳೆಯರಿಗೆ ‘ಐ ಎಕ್ಸ್‌ಪೆಕ್ಟ್ ಯು ಟು ಗೆಟ್ ವೆಲ್ ಸೂನ್’ ಎಂದು ಬರೆದರೆ ಬೇಗ ಗುಣವಾಗಿ ಬಾ ಎಂದು ತಾಕೀತು ಮಾಡಿದಂತಾಗುತ್ತದೆ. ‘ಐ ಹೋಪ್ ಯು ಗೆಟ್ ವೆಲ್ ಸೂನ್’ ಎಂದೇ ಬರೆಯಿರಿ.

ಈ ಪದದ ಮೂಲ ಯಾವುದು?

ಲ್ಯಾಟಿನ್. ‘ಎಕ್ಸ್’ ಎಂದರೆ ಹೊರಗೆ, ‘ಸ್ಪೆಕ್ಟಾರೆ’ ಎಂದರೆ ನೋಡುವುದು. ಹೊರಗೆ ಕಣ್ಣು ನೆಟ್ಟು ಕೂರುವುದು ಎಂಬ ಚಿತ್ರ. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಇದಕ್ಕೆ ‘ಕಾಯುವುದು’ ಎಂಬ ಅರ್ಥವೂ ಇತ್ತು. ಆ ಅರ್ಥ ಈಗ ಸತ್ತುಹೋಗಿದೆ.

ಕನ್ನಡಿಗರಿಗೆ ಇದರಲ್ಲಿ ಒಂದು ಸೊಗಸು ಕಾದಿದೆ. ನಮ್ಮ ‘ನಿರೀಕ್ಷೆ’ ಕೂಡ ಹಾಗೆಯೇ ಆದದ್ದು: ‘ನಿರ್’ ಎಂದರೆ ಹೊರಗೆ, ‘ಈಕ್ಷ್’ ಎಂದರೆ ನೋಡು. ಅಚ್ಚಗನ್ನಡದ ‘ಎದುರುನೋಡು’, ‘ದಾರಿ ನೋಡು’ಗಳಲ್ಲೂ ನೋಟವೇ ಇದೆ. ಲ್ಯಾಟಿನ್ನಿನ ಒಂದೇ ಬೇರಿನಿಂದ ಇನ್ಸ್‌ಪೆಕ್ಟ್, ರೆಸ್ಪೆಕ್ಟ್, ಸಸ್ಪೆಕ್ಟ್, ಪ್ರಾಸ್ಪೆಕ್ಟ್ ಹುಟ್ಟಿದಂತೆ, ‘ಈಕ್ಷ್’ನಿಂದ ಪರೀಕ್ಷೆ, ಸಮೀಕ್ಷೆ, ಅಪೇಕ್ಷೆ, ಉಪೇಕ್ಷೆ, ಪ್ರತೀಕ್ಷೆ ಹುಟ್ಟಿವೆ. ಇನ್ಸ್‌ಪೆಕ್ಟರಿಗೆ ಕನ್ನಡದಲ್ಲಿ ‘ನಿರೀಕ್ಷಕ’ ಎನ್ನುವುದೂ ಇದೇ ಕಾರಣಕ್ಕೆ. ನಾಡಕಚೇರಿಯ ಕಂದಾಯ ನಿರೀಕ್ಷಕರು ಯಾವುದನ್ನೂ ಎದುರುನೋಡುತ್ತಾ ಕುಳಿತವರಲ್ಲ, ನೋಡಿ ಪರಿಶೀಲಿಸುವವರು.

ಉಚ್ಚಾರ ಮತ್ತು ಕಾಗುಣಿತ?

‘ಇಕ್‌-ಸ್ಪೆಕ್ಟ್’. ಮೊದಲ ಸ್ವರ ‘ಎ’ಗಿಂತ ‘ಇ’ಗೆ ಹತ್ತಿರ, ಒತ್ತು ‘ಸ್ಪೆ’ ಮೇಲೆ. ಅವಸರದಲ್ಲಿ ‘ಎಸ್ಪೆಟ್’ ಆಗುವುದುಂಟು. ನಡುವಿನ ‘ಕ್’ ಎರಡು ಕಡೆಯೂ ಕೇಳಬೇಕು. ‘ಎಕ್ಸ್‌ಪೆಕ್ಟೆಡ್’ ಎಂಬುದು ಇಕ್‌-ಸ್ಪೆಕ್‌-ಟಿಡ್, ಮೂರು ಭಾಗ. ‘ಎಕ್ಸ್‌ಪೆಕ್ಟೇಶನ್’ನಲ್ಲಿ ಒತ್ತು ‘ಟೇ’ಗೆ ಜಾರುತ್ತದೆ.

ಕಾಗುಣಿತದಲ್ಲಿ ದೊಡ್ಡ ಬಲೆ ‘ಎಕ್ಸೆಪ್ಟ್’. ಎಕ್ಸ್‌ಪೆಕ್ಟ್: ಇ, ಎಕ್ಸ್, ಪಿ, ಇ, ಸಿ, ಟಿ. ಎಕ್ಸೆಪ್ಟ್ (‘ಹೊರತು’): ಇ, ಎಕ್ಸ್, ಸಿ, ಇ, ಪಿ, ಟಿ. ಅದೇ ಆರು ಅಕ್ಷರ, ಪಿ ಮತ್ತು ಸಿ ಜಾಗ ಬದಲಿಸಿವೆ ಅಷ್ಟೆ. ಎರಡೂ ನಿಜವಾದ ಪದಗಳೇ ಆದ್ದರಿಂದ ಬರೀ ಕಾಗುಣಿತ ನೋಡುವ ಸಾಫ್ಟ್‌ವೇರ್ ಈ ತಪ್ಪಿಗೆ ಕೆಂಪು ಗೆರೆ ಎಳೆಯುವುದಿಲ್ಲ. ‘ಒಪ್ಪಿಕೊ’ ಎಂಬ ಅರ್ಥದ ‘ಅಕ್ಸೆಪ್ಟ್’ ಮೂರನೆಯದು, ಅದು ‘ಎ’ಯಿಂದ ಶುರು. ಇನ್ಸ್‌ಪೆಕ್ಟ್, ಸಸ್ಪೆಕ್ಟ್‌ಗಳಲ್ಲಿ ಪಿಗೆ ಮುಂಚೆ ‘ಎಸ್’ ಇದೆ, ಎಕ್ಸ್‌ಪೆಕ್ಟ್‌ನಲ್ಲಿ ಇಲ್ಲ. ಏಕೆಂದರೆ ‘ಎಕ್ಸ್’ ಅಕ್ಷರದ ಉಚ್ಚಾರದಲ್ಲೇ ‘ಸ್’ ಸೇರಿಕೊಂಡಿದೆ.

ಇದರ ಮುಂದೆ ಏನೇನು ಬರಬಹುದು?

ಬರೀ ನಾಮಪದ ಬರಬಹುದು: ‘ವಿ ಎಕ್ಸ್‌ಪೆಕ್ಟ್ ಟ್ರಬಲ್.’

ಕೆಲಸ ಮಾಡುವವರು ನೀವೇ ಆಗಿದ್ದರೆ ‘ಟು’: ‘ಐ ಎಕ್ಸ್‌ಪೆಕ್ಟ್ ಟು ಫಿನಿಶ್ ಬೈ ಫ್ರೈಡೇ.’ ಇಲ್ಲಿ ‘ಐ ಎಕ್ಸ್‌ಪೆಕ್ಟ್ ಫಿನಿಶಿಂಗ್’ ಎಂದು ‘ಇಂಗ್’ ರೂಪ ಹಾಕುವಂತಿಲ್ಲ.

ಕೆಲಸ ಮಾಡುವವರು ಬೇರೆಯವರಾದರೆ ನಡುವೆ ಅವರನ್ನು ಕರ್ಮರೂಪದಲ್ಲಿ ಹೇಳಬೇಕು: ‘ಐ ಎಕ್ಸ್‌ಪೆಕ್ಟ್ ಹಿಮ್ ಟು ಕಾಲ್.’ ಕನ್ನಡದಲ್ಲಿ ‘ಅವನು ಫೋನ್ ಮಾಡ್ತಾನೆ ಅಂತ’ ಎನ್ನುವುದರಿಂದ ‘ಅವನು’ ಎಂಬುದಕ್ಕೆ ‘ಹಿ’ ಬಂದು ‘ಐ ಎಕ್ಸ್‌ಪೆಕ್ಟ್ ಹಿ ಟು ಕಾಲ್’ ಆಗಿಬಿಡುತ್ತದೆ. ತಪ್ಪು. ಮಳೆಗೂ ಇದೇ ನಿಯಮ: ‘ಐ ಎಕ್ಸ್‌ಪೆಕ್ಟ್ ಇಟ್ ಟು ರೇನ್.’ ಈ ‘ಇಟ್’ ಬಿಟ್ಟುಹೋದರೆ ನೀವೇ ಮಳೆ ಸುರಿಸುತ್ತೀರಿ ಎಂಬ ಅರ್ಥ ಬರುತ್ತದೆ.

ನಾಲ್ಕನೆಯದು ‘ದಟ್’ ಸೇರಿದ ಪೂರ್ಣ ವಾಕ್ಯ: ‘ಐ ಎಕ್ಸ್‌ಪೆಕ್ಟ್ ದಟ್ ಹಿ ವಿಲ್ ಕಾಲ್.’ ಇದು ಕನ್ನಡದ ‘ಅಂತ’, ‘ಎಂದು’ ಕಟ್ಟಿಗೆ ಸರಿಯಾಗಿ ಹೊಂದುತ್ತದೆ. ‘ಹಿ’ ಇಲ್ಲಿ ಸರಿ. ‘ಹಿಮ್ ಟು’ ನಾಲಿಗೆಗೆ ಹತ್ತದಿದ್ದಾಗ ಈ ದಾರಿ ಹಿಡಿಯಿರಿ. ಮಾತಿನಲ್ಲಿ ‘ದಟ್’ ಬಿಟ್ಟರೂ ನಡೆಯುತ್ತದೆ. ಭೂತಕಾಲಕ್ಕೆ ಹೋದರೆ ‘ವಿಲ್’ ಕೂಡ ‘ವುಡ್’ ಆಗಬೇಕು: ‘ಐ ಎಕ್ಸ್‌ಪೆಕ್ಟೆಡ್ ದಟ್ ಹಿ ವುಡ್ ಕಾಲ್.’

‘ಐ ಡಿಡಂಟ್ ಎಕ್ಸ್‌ಪೆಕ್ಟೆಡ್’ ಎಂಬುದು ಯಾಕೆ ತಪ್ಪು?

‘ಡಿಡ್’ ಆಗಲೇ ಭೂತಕಾಲ ತೋರಿಸಿದೆ, ಎರಡನೇ ಸಲ ತೋರಿಸಬೇಕಿಲ್ಲ. ‘ಐ ಡಿಡಂಟ್ ಎಕ್ಸ್‌ಪೆಕ್ಟ್.’ ಪ್ರಶ್ನೆಯಲ್ಲೂ ಹಾಗೆಯೇ: ‘ಡಿಡ್ ಯು ಎಕ್ಸ್‌ಪೆಕ್ಟ್ ದಿಸ್?’

‘ಅವನು ಬರಲ್ಲ ಅನ್ಸುತ್ತೆ’ ಎಂಬುದನ್ನು ಹೇಗೆ ಹೇಳುವುದು?

ಕನ್ನಡದಲ್ಲಿ ‘ಇಲ್ಲ’ ಒಳವಾಕ್ಯದಲ್ಲಿ ಕೂರುತ್ತದೆ: ಬರಲ್ಲ, ಅನ್ಸುತ್ತೆ. ಇಂಗ್ಲಿಷ್ ಅದನ್ನು ಹೊರಗಿನ ಕ್ರಿಯಾಪದಕ್ಕೆ ತಂದು ಕಟ್ಟುತ್ತದೆ: ‘ಐ ಡೋಂಟ್ ಎಕ್ಸ್‌ಪೆಕ್ಟ್ ಹಿಮ್ ಟು ಕಮ್.’ ‘ಐ ಎಕ್ಸ್‌ಪೆಕ್ಟ್ ಹಿಮ್ ನಾಟ್ ಟು ಕಮ್’ ಎಂದರೆ ಅವನು ಬರಕೂಡದು ಎಂಬ ಧ್ವನಿ ಬರುತ್ತದೆ. ನಿಯಮ ಹೇಳುವಾಗ ಇದೇ ರೂಪ ಬೇಕಾಗುತ್ತದೆ ಕೂಡ: ‘ವಿ ಎಕ್ಸ್‌ಪೆಕ್ಟ್ ಸ್ಟೂಡೆಂಟ್ಸ್ ನಾಟ್ ಟು ಯೂಸ್ ಫೋನ್ಸ್.’

‘ಐ ಎಕ್ಸ್‌ಪೆಕ್ಟ್ ಯು ಟು ಕಮ್’ ಅಂದರೆ ಎದುರಿನವರಿಗೆ ಯಾಕೆ ಬೇಸರವಾಗುತ್ತದೆ?

ಎದುರಿಗಿರುವ ವ್ಯಕ್ತಿಗೇ ‘ಯು ಟು’ ಎಂದು ಹೇಳಿದಾಗ ಎಕ್ಸ್‌ಪೆಕ್ಟ್ ಅಂದಾಜಿನಿಂದ ಅಪ್ಪಣೆಗೆ ಹೊರಳುತ್ತದೆ. ‘ಬರುವುದು ನಿನ್ನ ಕರ್ತವ್ಯ, ಬರದಿದ್ದರೆ ನೋಡಿಕೊಳ್ಳುತ್ತೇನೆ’ ಎಂಬ ಧ್ವನಿ. ಮೇಲಧಿಕಾರಿ ಕೆಳಗಿನವರಿಗೆ, ಮಾಸ್ತರು ಮಕ್ಕಳಿಗೆ ಹೇಳಿದರೆ ಸಹಜ. ಕಚೇರಿಯ ಸುತ್ತೋಲೆಯಲ್ಲಿ ‘ಎಂಪ್ಲಾಯೀಸ್ ಆರ್ ಎಕ್ಸ್‌ಪೆಕ್ಟೆಡ್ ಟು ರಿಪೋರ್ಟ್ ಬೈ 9:30’ ಎಂದಿದ್ದರೆ ಅದು ಊಹೆಯಲ್ಲ, 9:30ಕ್ಕೆ ಹಾಜರಿರಲೇಬೇಕು ಎಂದೇ ಓದಿಕೊಳ್ಳಿ. ಮೃದುವಾಗಿ ಕಾಣುವ ಈ ‘ಎಕ್ಸ್‌ಪೆಕ್ಟೆಡ್ ಟು’ವನ್ನು ಸಲಹೆ ಎಂದುಕೊಂಡು, ಆಮೇಲೆ ನೋಟಿಸು ಬಂದಾಗ ಹೊಸಬರು ಗಾಬರಿಯಾಗುತ್ತಾರೆ.

ನೆಂಟರನ್ನು, ಹಿರಿಯರನ್ನು ಕರೆಯುವಾಗ ನಾವು ‘ನೀವು ಬರಲೇಬೇಕು’ ಎಂದು ಒತ್ತಾಯ ಮಾಡುತ್ತೇವೆ. ಅದರಲ್ಲಿರುವುದು ಪ್ರೀತಿ. ಆ ಪ್ರೀತಿ ಇಂಗ್ಲಿಷಿನಲ್ಲಿ ‘ಯು ಮಸ್ಟ್ ಕಮ್’ ಎಂಬಲ್ಲಿ ಉಳಿಯುತ್ತದೆ, ‘ಐ ಎಕ್ಸ್‌ಪೆಕ್ಟ್ ಯು ಟು ಕಮ್’ ಎಂಬಲ್ಲಿ ಉಳಿಯುವುದಿಲ್ಲ. ಲಗ್ನಪತ್ರಿಕೆಯ ‘ತಮ್ಮ ಆಗಮನಾಭಿಲಾಷಿಗಳು’ ಎಂಬುದಕ್ಕೂ ‘ಎಕ್ಸ್‌ಪೆಕ್ಟಿಂಗ್ ಯುವರ್ ಪ್ರೆಸೆನ್ಸ್’ ಹಾಕಬೇಡಿ. ಅಭಿಲಾಷೆ ಎಂದರೆ ಬಯಕೆ. ‘ರಿಕ್ವೆಸ್ಟ್ ದ ಪ್ಲೆಷರ್ ಆಫ್ ಯುವರ್ ಕಂಪನಿ’ ಎಂಬುದು ಇಂಗ್ಲಿಷಿನ ರೂಢಿ.

ಅಂದಾಜಿಗೂ ಅಪ್ಪಣೆಗೂ ನಡುವಿನ ಗೆರೆ ವ್ಯಾಕರಣದಲ್ಲೇ ಇದೆಯೇ?

ಒಂದು ಮಟ್ಟಿಗೆ. ‘ಐ ಎಕ್ಸ್‌ಪೆಕ್ಟ್ ಯು ವಿಲ್ ಕಮ್’ ಸಾಮಾನ್ಯವಾಗಿ ಅಂದಾಜು, ‘ಐ ಎಕ್ಸ್‌ಪೆಕ್ಟ್ ಯು ಟು ಕಮ್’ ಸಾಮಾನ್ಯವಾಗಿ ಬೇಡಿಕೆ. ಆದರೆ ಕೊನೆಗೆ ತೀರ್ಮಾನಿಸುವುದು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದು.

ಇದಕ್ಕೆ ಇಂಗ್ಲಿಷ್ ಚರಿತ್ರೆಯಲ್ಲೇ ಹೆಸರಾದ ಸಾಕ್ಷಿ ಇದೆ. 1805ರ ಅಕ್ಟೋಬರ್ 21ರಂದು ಟ್ರಾಫಲ್ಗರ್ ಸಮುದ್ರಯುದ್ಧ ಶುರುವಾಗುವ ಮುಂಚೆ ಅಡ್ಮಿರಲ್ ನೆಲ್ಸನ್ ತನ್ನ ಹಡಗುಗಳಿಗೆಲ್ಲ ಬಾವುಟಗಳ ಮೂಲಕ ಒಂದು ಸಂದೇಶ ಕಳಿಸಲು ಹೊರಟ. ಅವನು ಹೇಳಿದ್ದು ‘ಇಂಗ್ಲೆಂಡ್ ಕನ್‌ಫೈಡ್ಸ್’, ಅಂದರೆ ಪ್ರತಿಯೊಬ್ಬನೂ ಕರ್ತವ್ಯ ಮಾಡುತ್ತಾನೆಂದು ಇಂಗ್ಲೆಂಡ್ ಭರವಸೆ ಇಟ್ಟಿದೆ. ಸಂಕೇತದ ಹೊಣೆ ಹೊತ್ತಿದ್ದ ಲೆಫ್ಟಿನೆಂಟ್ ಜಾನ್ ಪಾಸ್ಕೊ, ಆ ಪದ ಸಂಕೇತದ ಪುಸ್ತಕದಲ್ಲಿಲ್ಲ, ಒಂದೊಂದೇ ಅಕ್ಷರ ಹಾರಿಸಬೇಕಾಗುತ್ತದೆ, ‘ಎಕ್ಸ್‌ಪೆಕ್ಟ್ಸ್’ ಆದರೆ ಪುಸ್ತಕದಲ್ಲಿದೆ ಎಂದ. ನೆಲ್ಸನ್ ಒಪ್ಪಿದ. ಹಾಗಾಗಿ ಹಾರಿದ್ದು ‘ಇಂಗ್ಲೆಂಡ್ ಎಕ್ಸ್‌ಪೆಕ್ಟ್ಸ್ ದಟ್ ಎವ್ರಿ ಮ್ಯಾನ್ ವಿಲ್ ಡೂ ಹಿಸ್ ಡ್ಯೂಟಿ.’ ವ್ಯಾಕರಣದ ಪ್ರಕಾರ ಇದು ‘ದಟ್’, ‘ವಿಲ್’ ಇರುವ ಅಂದಾಜಿನ ರೂಪ. ಆದರೆ ದೇಶವೇ ಸೈನಿಕನಿಗೆ ಹೇಳುವಾಗ ಅದು ಆಜ್ಞೆಯಾಗಿ ಕೇಳುತ್ತದೆ. ‘ನಿಮ್ಮ ಮೇಲೆ ನಂಬಿಕೆ ಇದೆ’ ಎಂಬ ಮಾತು ‘ನೀವು ಮಾಡಲೇಬೇಕು’ ಎಂದಾಯಿತು. ಒಂದು ಪದ ಬದಲಾದರೆ ಧ್ವನಿ ಎಷ್ಟು ದೂರ ಸರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಇಮೇಲ್ ಕೊನೆಯಲ್ಲಿ ‘ಎಕ್ಸ್‌ಪೆಕ್ಟಿಂಗ್ ಯುವರ್ ರಿಪ್ಲೈ’ ಬರೆಯಬಹುದೇ?

ಬೇಡ. ಕನ್ನಡ ಪತ್ರದ ‘ತಮ್ಮ ಉತ್ತರದ ನಿರೀಕ್ಷೆಯಲ್ಲಿ’ ಎಂಬ ವಿನಯದ ಮಾತೇ ಇದರ ಹಿಂದಿದೆ. ಆದರೆ ಓದುವವರಿಗೆ ‘ಉತ್ತರ ಕೊಡುವುದು ನಿಮ್ಮ ಕೆಲಸ’ ಎಂದು ಕೇಳುತ್ತದೆ. ಇದರ ಬದಲು ‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’ ಬರೆಯಿರಿ. ಇಲ್ಲೊಂದು ಸೂಕ್ಷ್ಮ: ಈ ‘ಟು’ ಆದಮೇಲೆ ‘ಹಿಯರ್’ ಬರುವುದಿಲ್ಲ, ‘ಹಿಯರಿಂಗ್’ ಬರಬೇಕು. ಎಕ್ಸ್‌ಪೆಕ್ಟ್‌ಗೆ ‘ಟು ಹಿಯರ್’, ಲುಕ್ ಫಾರ್ವರ್ಡ್‌ಗೆ ‘ಟು ಹಿಯರಿಂಗ್’. ಎರಡನ್ನೂ ಅದಲುಬದಲು ಮಾಡುವುದು ಅರ್ಜಿಗಳಲ್ಲಿ ಕಣ್ಣಿಗೆ ಬೀಳುವ ತಪ್ಪು.

ಉತ್ತರ ತುರ್ತಾಗಿ ಬೇಕಿದ್ದರೆ ದಿನ ಹೇಳಿ ಕೇಳುವುದು ಮೇಲು: ‘ಕುಡ್ ಯು ಪ್ಲೀಸ್ ರಿಪ್ಲೈ ಬೈ ಥರ್ಸ್‌ಡೇ?’ ಇದು ಸ್ಪಷ್ಟವೂ ಹೌದು, ಮರ್ಯಾದೆಯೂ ಹೌದು.

‘ಲುಕ್ ಫಾರ್ವರ್ಡ್ ಟು’ ಸಂತೋಷದ ಸಂಗತಿಗೆ ಮಾತ್ರ. ಆಪರೇಷನ್ ದಿನ, ದಂಡ ಕಟ್ಟುವ ದಿನ, ವಿಚಾರಣೆ ಇವುಗಳಿಗೆ ಬಳಸಿದರೆ ಅಭಾಸ.

‘ಐ ಆಮ್ ಎಕ್ಸ್‌ಪೆಕ್ಟಿಂಗ್’ ಎಂಬ ರೂಪ ಯಾವಾಗ?

ಬರುವುದು ಗೊತ್ತಾಗಿದ್ದು, ಇನ್ನೇನು ಬರಬೇಕು ಎಂಬಂಥವಕ್ಕೆ: ಫೋನ್ ಕರೆ, ಪಾರ್ಸೆಲ್, ಅತಿಥಿ. ‘ಐ ಆಮ್ ಎಕ್ಸ್‌ಪೆಕ್ಟಿಂಗ್ ಎ ಪಾರ್ಸೆಲ್ ಟುಡೇ.’ ಯಾರಾದರೂ ತಡವಾಗಿ ಬಂದಾಗ ‘ಐ ವಾಸ್ ಎಕ್ಸ್‌ಪೆಕ್ಟಿಂಗ್ ಯು ಯೆಸ್ಟರ್‌ಡೇ’ ಎಂದರೆ ‘ನಿನ್ನೆ ಬರ್ತೀರಿ ಅಂದ್ಕೊಂಡಿದ್ದೆ’. ಬರೀ ಅನಿಸಿಕೆಗೆ ಈ ‘ಇಂಗ್’ ರೂಪ ಸಲ್ಲದು.

‘ಶಿ ಇಸ್ ಎಕ್ಸ್‌ಪೆಕ್ಟಿಂಗ್’ ಎಂದಷ್ಟೇ ಹೇಳಿದರೆ?

ಆಕೆ ಬಸುರಿ ಎಂದರ್ಥ. ಆದ್ದರಿಂದ ‘ಏನನ್ನು’ ಎಂದು ಹೇಳದೆ ವಾಕ್ಯ ನಿಲ್ಲಿಸಬೇಡಿ. ಕೊರಿಯರ್ ಕಾಯುತ್ತಿರುವ ಸಹೋದ್ಯೋಗಿಯ ಬಗ್ಗೆ ಹೀಗೆ ಅರ್ಧ ವಾಕ್ಯ ಹೇಳಿದರೆ ಎಲ್ಲರೂ ಆಕೆಗೆ ಅಭಿನಂದನೆ ಹೇಳಲು ಬಂದಾರು. ಬಸುರಿನ ವಿಷಯಕ್ಕೆ ‘ಶಿ ಇಸ್ ಎಕ್ಸ್‌ಪೆಕ್ಟಿಂಗ್ ಎ ಬೇಬಿ ಇನ್ ಜೂನ್’ ಎಂಬುದು ಸಭ್ಯವಾದ ಪೂರ್ಣ ರೂಪ. ‘ಎಕ್ಸ್‌ಪೆಕ್ಟೆಂಟ್ ಮದರ್’ ಎಂದರೆ ಗರ್ಭಿಣಿ.

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಬರೆಯುವ ‘ಇಡಿಡಿ’ ಇದೇ ಪದವೇ?

ಹೌದು, ‘ಎಕ್ಸ್‌ಪೆಕ್ಟೆಡ್ ಡೇಟ್ ಆಫ್ ಡೆಲಿವರಿ’, ಹೆರಿಗೆಯ ನಿರೀಕ್ಷಿತ ದಿನಾಂಕ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸುವುದು ರೂಢಿಯ ಲೆಕ್ಕ. ಸುಲಭವಾಗಿ ಹೇಳುವುದಾದರೆ ಒಂಬತ್ತು ತಿಂಗಳು, ಏಳು ದಿನ ಕೂಡಿಸಬೇಕು. ಕೊನೆಯ ಮುಟ್ಟು ಜನವರಿ 10ಕ್ಕೆ ಶುರುವಾಗಿದ್ದರೆ ಇಡಿಡಿ ಅಕ್ಟೋಬರ್ 17. ಇದು 28 ದಿನಗಳ ಋತುಚಕ್ರವನ್ನು ಇಟ್ಟುಕೊಂಡು ಮಾಡಿದ ಲೆಕ್ಕ, ಚಕ್ರ ಉದ್ದವಿದ್ದರೆ ದಿನಾಂಕ ಮುಂದೆ ಹೋಗುತ್ತದೆ. ಮೊದಲ ತಿಂಗಳುಗಳ ಸ್ಕ್ಯಾನ್ ನೋಡಿ ವೈದ್ಯರು ಅದನ್ನು ತಿದ್ದುವುದೂ ಉಂಟು. ‘ಎಕ್ಸ್‌ಪೆಕ್ಟೆಡ್’ ಎಂಬುದು ಇಲ್ಲಿ ನಿಗದಿಯಲ್ಲ, ಅಂದಾಜು. ಅದೇ ದಿನ ಹೆರಿಗೆಯಾಗುವವರು ಕೆಲವರೇ, ಆದ್ದರಿಂದ ಅದಕ್ಕೆ ಮುಂಚೆಯೇ ಚೀಲ ಸಿದ್ಧವಿರಲಿ.

‘ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ’: ‘ಫ್ರಮ್’ ಸರಿಯೇ, ‘ಆಫ್’ ಸರಿಯೇ?

ಎರಡೂ ಸರಿ. ಕನ್ನಡದ ‘ಇಂದ’ಕ್ಕೆ ಹೊಂದುವ ‘ಐ ಡಿಡಂಟ್ ಎಕ್ಸ್‌ಪೆಕ್ಟ್ ದಿಸ್ ಫ್ರಮ್ ಯು’ ಧಾರಾಳವಾಗಿ ನಡೆಯುತ್ತದೆ. ನಡತೆ, ಗುಣ, ಯೋಗ್ಯತೆಯ ಮಾತು ಬಂದಾಗ ‘ಆಫ್’ ಒಂದು ತೂಕ ಹೆಚ್ಚು: ‘ಐ ಎಕ್ಸ್‌ಪೆಕ್ಟೆಡ್ ಬೆಟರ್ ಆಫ್ ಯು’, ನೀನು ಇದಕ್ಕಿಂತ ಒಳ್ಳೆಯವನು ಅಂದುಕೊಂಡಿದ್ದೆ. ಕೈಗೆ ಬರಬೇಕಾದ ವಸ್ತುವಿಗೆ ‘ಫ್ರಮ್’ ಮಾತ್ರ: ‘ಎ ಲೆಟರ್ ಫ್ರಮ್ ದ ಬ್ಯಾಂಕ್.’

‘ಐ ಎಕ್ಸ್‌ಪೆಕ್ಟ್ ಸೋ’, ‘ಐ ಎಕ್ಸ್‌ಪೆಕ್ಟ್ ಯು ಆರ್ ಟೈರ್ಡ್’: ಇಲ್ಲಿ ಯಾವ ನಿರೀಕ್ಷೆ?

ಯಾವುದೂ ಇಲ್ಲ. ಬ್ರಿಟಿಷ್ ಮಾತಿನಲ್ಲಿ ‘ಐ ಎಕ್ಸ್‌ಪೆಕ್ಟ್’ ಎಂದರೆ ‘ಅನ್ಸುತ್ತೆ’, ‘ಇರ್ಬೇಕು’. ‘ಸುಸ್ತಾಗಿರ್ಬೇಕು ನಿಮಗೆ’ ಎಂಬ ಕಕ್ಕುಲಾತಿ ಆ ವಾಕ್ಯದ್ದು. ಅಮೆರಿಕದಲ್ಲಿ ಈ ಜಾಗಕ್ಕೆ ‘ಗೆಸ್’ ಹೆಚ್ಚು ಬಳಕೆ.

ಆಂಟಿಸಿಪೇಟ್ ಮತ್ತು ಎಕ್ಸ್‌ಪೆಕ್ಟ್ ಒಂದೇ ಅಲ್ಲವೇ?

ದಿನನಿತ್ಯದ ಬಳಕೆಯಲ್ಲಿ ಹತ್ತಿರ ಬಂದಿವೆ. ಆದರೂ ‘ಆಂಟಿಸಿಪೇಟ್’ನಲ್ಲಿ ಮುಂದಾಗುವುದನ್ನು ಕಂಡು ಈಗಲೇ ಏನಾದರೂ ಮಾಡಿಕೊಳ್ಳುವ ಭಾವವಿದೆ. ಜನ ಹೆಚ್ಚು ಬರುತ್ತಾರೆ ಎಂದುಕೊಳ್ಳುವುದು ಎಕ್ಸ್‌ಪೆಕ್ಟ್, ಹಾಗೆಂದು ಐವತ್ತು ಎಲೆ ಹೆಚ್ಚಿಗೆ ತರಿಸಿಡುವುದು ಆಂಟಿಸಿಪೇಟ್. ವ್ಯಾಕರಣವೂ ಬೇರೆ: ‘ಎಕ್ಸ್‌ಪೆಕ್ಟ್ ಟು ಫೈಂಡ್’ ಸರಿ, ಆದರೆ ‘ಆಂಟಿಸಿಪೇಟ್ ಫೈಂಡಿಂಗ್’ ಎನ್ನಬೇಕು.

ಕನ್ನಡ ಪತ್ರಿಕೆಗಳ ‘ನಿರೀಕ್ಷಣಾ ಜಾಮೀನು’ ಈ ಪದದ್ದೇ ಅನುವಾದ, ‘ಆಂಟಿಸಿಪೇಟರಿ ಬೇಲ್’. ಬಂಧನವಾಗುವ ಮುಂಚೆಯೇ ಜಾಮೀನು ಪಡೆದಿಟ್ಟುಕೊಳ್ಳುವುದು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 438ನೇ ಸೆಕ್ಷನ್. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 482ನೇ ಸೆಕ್ಷನ್. ಬಂಧನವಾಗಬಹುದೆಂದು ‘ನಂಬಲು ಕಾರಣ’ ಇರಬೇಕು ಎಂಬುದು ಕಾನೂನಿನ ಮಾತು. ಸುಮ್ಮನೆ ಭಯ ಸಾಲದು, ಆಧಾರ ಬೇಕು. ಮೊದಲ ಪ್ರಶ್ನೆಗೆ ಕೊಟ್ಟ ಉತ್ತರವೇ ಇಲ್ಲಿ ಮತ್ತೆ ಬಂತು.

ಅರ್ಜಿಗಳ ಕೊನೆಯ ‘ಥ್ಯಾಂಕಿಂಗ್ ಯು ಇನ್ ಆಂಟಿಸಿಪೇಶನ್’ ನಮ್ಮ ಕಚೇರಿಗಳಲ್ಲಿ ಸಾಮಾನ್ಯ. ಹೊರದೇಶದವರಿಗೆ ಬರೆಯುವಾಗ ಬಿಡುವುದು ಲೇಸು. ಕೆಲಸ ಆಗೇಬಿಟ್ಟಿತು ಎಂದು ನೀವೇ ತೀರ್ಮಾನಿಸಿದಂತೆ ಕಾಣುತ್ತದೆ. ‘ಥ್ಯಾಂಕ್ ಯು ಫಾರ್ ಯುವರ್ ಟೈಮ್’ ಸಾಕು.

ಸಂದರ್ಶನದಲ್ಲಿ ‘ಎಕ್ಸ್‌ಪೆಕ್ಟೆಡ್ ಸಿಟಿಸಿ’ ಕೇಳಿದರೆ ಏನು ಹೇಳಬೇಕು?

ಬೆಂಗಳೂರಿನಲ್ಲಿ ಕೆಲಸ ಹುಡುಕುವವರಿಗೆ ಈ ಪದ ಮೊದಲು ಎದುರಾಗುವುದೇ ಇಲ್ಲಿ. ಸಿಟಿಸಿ ಎಂದರೆ ‘ಕಾಸ್ಟ್ ಟು ಕಂಪನಿ’: ನಿಮ್ಮ ಮೇಲೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಕಂಪನಿ ಕಟ್ಟುವ ಪಿಎಫ್ ಪಾಲು, ಹಲವು ಕಡೆ ಗ್ರಾಚ್ಯುಟಿ, ವಿಮೆ, ಬೋನಸ್ಸುಗಳೂ ಇದರಲ್ಲಿ ಸೇರಿರುತ್ತವೆ. ಕೈಗೆ ಬರುವ ಸಂಬಳ ಇದಕ್ಕಿಂತ ಕಡಿಮೆ. ಹಾಗಾಗಿ ತಿಂಗಳಿಗೆ ಕೈಗೆ 50,000 ಬೇಕು ಎಂದು 12ರಿಂದ ಗುಣಿಸಿ 6 ಲಕ್ಷ ಎಂದು ಬರೆದರೆ ಸೋಲುವುದು ನೀವೇ. ಮೊದಲು ಕೈಗೆ ಬೇಕಾದ್ದನ್ನು ಲೆಕ್ಕ ಹಾಕಿ, ಅದರ ಮೇಲೆ ಕಡಿತ ಮತ್ತು ಕಂಪನಿಯ ಪಾಲು ಸೇರಿಸಿ ಹೇಳಿ.

ವಾಕ್ಯ ಹೀಗಿರಲಿ: ‘ಫಾರ್ ದಿಸ್ ರೋಲ್, ಐ ಆಮ್ ಎಕ್ಸ್‌ಪೆಕ್ಟಿಂಗ್ ಬಿಟ್ವೀನ್ ಸೆವೆನ್ ಅಂಡ್ ಏಟ್ ಲ್ಯಾಕ್ಸ್.’ ‘ಇಂಗ್’ ರೂಪ ಇಲ್ಲಿ ದನಿಯನ್ನು ಕೊಂಚ ಮೆತ್ತಗಾಗಿಸುತ್ತದೆ, ಮಾತುಕತೆಗೆ ಜಾಗ ಬಿಡುತ್ತದೆ. ‘ಐ ಎಕ್ಸ್‌ಪೆಕ್ಟ್ ಯು ಟು ಪೇ’ ಎಂದರೆ ಮತ್ತೆ ಅಪ್ಪಣೆ. ‘ಆಸ್ ಪರ್ ಕಂಪನಿ ನಾರ್ಮ್ಸ್’ ಎಂದರೆ ನಿಮ್ಮ ಅಂಕಿಯನ್ನು ಅವರೇ ಇಟ್ಟುಬಿಡುತ್ತಾರೆ.

ಸುದ್ದಿ ಅನುವಾದಿಸುವಾಗ ‘ಎಕ್ಸ್‌ಪೆಕ್ಟೆಡ್’ ಇದ್ದಲ್ಲೆಲ್ಲ ‘ನಿರೀಕ್ಷೆಯಿದೆ’ ಹಾಕಬಹುದೇ?

ದಯವಿಟ್ಟು ಬೇಡ. ಕನ್ನಡದ ‘ನಿರೀಕ್ಷೆ’ಯಲ್ಲಿ ಬಯಕೆಯ ಎಳೆ ಇದೆ. ‘ಸಾವಿನ ಸಂಖ್ಯೆ ಏರುವ ನಿರೀಕ್ಷೆಯಿದೆ’ ಎಂದು ಓದಿದರೆ ಮೈ ಜುಮ್ಮೆನ್ನುತ್ತದೆ; ಯಾರು ಅದನ್ನು ಎದುರುನೋಡುತ್ತಿದ್ದಾರೆ? ಅಲ್ಲಿ ‘ಏರುವ ಆತಂಕವಿದೆ’ ಎನ್ನಬೇಕು. ಬೆಲೆ ಏರಿಕೆಗೆ ‘ಸಾಧ್ಯತೆ’, ನೆರೆಗೆ ‘ಭೀತಿ’, ಬೆಳೆ ಚೆನ್ನಾಗಿ ಬರುವುದಕ್ಕೆ ‘ನಿರೀಕ್ಷೆ’. ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದಲ್ಲಿ ಸಂಗತಿ ನೋಡಿ ಪದ ಆರಿಸಬೇಕು. ಮೇಲೆ ಹೇಳಿದ ಗೊಂದಲದ್ದೇ ತಿರುಗುಮುರುಗು ಇದು.

ಹವಾಮಾನ ಸುದ್ದಿಯಲ್ಲಿ ಇನ್ನೊಂದು ಎಚ್ಚರ. ಭಾರತೀಯ ಹವಾಮಾನ ಇಲಾಖೆ ಕೇರಳಕ್ಕೆ ಮುಂಗಾರು ಬರುವ ದಿನವನ್ನು ಮುಂಚಿತವಾಗಿ ಹೇಳುವಾಗ ನಾಲ್ಕು ದಿನ ಹಿಂದೆ ಮುಂದೆ ಆಗಬಹುದೆಂದೂ ಸೇರಿಸುತ್ತದೆ. ವಾಡಿಕೆಯ ದಿನ ಜೂನ್ 1. ಸುದ್ದಿಯಲ್ಲಿ ದಿನಾಂಕ ಉಳಿದು ಆ ನಾಲ್ಕು ದಿನ ಬಿಟ್ಟುಹೋದರೆ, ಅದನ್ನು ನಂಬಿ ಬಿತ್ತನೆಗೆ ಹೊರಟವರಿಗೆ ತೊಂದರೆ.

ಲೈಫ್ ಎಕ್ಸ್‌ಪೆಕ್ಟೆನ್ಸಿ, ಎಕ್ಸ್‌ಪೆಕ್ಟೆಡ್ ವ್ಯಾಲ್ಯೂ?

ಎರಡೂ ಸರಾಸರಿಗಳು: ಮೊದಲನೆಯದು ಜನ ಬದುಕುವ ವರ್ಷಗಳದ್ದು, ಎರಡನೆಯದು ಒಂದೇ ಆಟವನ್ನು ಮತ್ತೆ ಮತ್ತೆ ಆಡಿದರೆ ಬರುವ ಅಂಕಿಗಳದ್ದು. ಹುಟ್ಟುವಾಗಿನ ಲೈಫ್ ಎಕ್ಸ್‌ಪೆಕ್ಟೆನ್ಸಿ 70 ಎಂದರೆ 60ರ ವಯಸ್ಸಿನವರಿಗೆ ಇನ್ನು ಹತ್ತೇ ವರ್ಷ ಎಂದಲ್ಲ. ಚಿಕ್ಕಂದಿನಲ್ಲೇ ತೀರಿಕೊಂಡವರೂ ಆ ಸರಾಸರಿಯಲ್ಲಿದ್ದಾರೆ. 60 ದಾಟಿದವರಿಗೆ ಉಳಿದಿರುವುದು ಸರಾಸರಿ ಹತ್ತಕ್ಕಿಂತ ಹೆಚ್ಚು. ಇನ್ನು ಆರು ಮುಖದ ದಾಳ ಉರುಳಿಸಿದರೆ ಎಕ್ಸ್‌ಪೆಕ್ಟೆಡ್ ವ್ಯಾಲ್ಯೂ 3.5. ಆ ಅಂಕಿ ದಾಳದ ಮೇಲೆ ಎಂದೂ ಬೀಳುವುದಿಲ್ಲ.

‘ಅನಿರೀಕ್ಷಿತ’ಕ್ಕೆ ‘ಅನ್‌ಎಕ್ಸ್‌ಪೆಕ್ಟಬಲ್’ ಎನ್ನಬಹುದೇ?

‘ಅನ್‌ಎಕ್ಸ್‌ಪೆಕ್ಟೆಡ್’ ಎನ್ನಿ. ‘ಇನ್‌ಎಕ್ಸ್‌ಪೆಕ್ಟೆಡ್’ ಕೂಡ ತಪ್ಪು. ಅಂದುಕೊಂಡಂತೆಯೇ ಆದರೆ ‘ಆಸ್ ಎಕ್ಸ್‌ಪೆಕ್ಟೆಡ್’, ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಆದರೆ ‘ಬೆಟರ್ ದ್ಯಾನ್ ಎಕ್ಸ್‌ಪೆಕ್ಟೆಡ್’. ನಾಮಪದ ‘ಎಕ್ಸ್‌ಪೆಕ್ಟೇಶನ್’ ಹೆಚ್ಚಾಗಿ ಬಹುವಚನದಲ್ಲೇ ಓಡಾಡುತ್ತದೆ: ನಿರೀಕ್ಷೆ ಮುಟ್ಟಿದರೆ ‘ಮೆಟ್’, ಮೀರಿದರೆ ‘ಎಕ್ಸೀಡೆಡ್’, ಮುಟ್ಟದಿದ್ದರೆ ‘ಫೆಲ್ ಶಾರ್ಟ್ ಆಫ್’.

ಕಲಿತದ್ದನ್ನು ಪರೀಕ್ಷಿಸಿಕೊಳ್ಳಲು ಕೆಲವು ವಾಕ್ಯ ಕೊಡುತ್ತೀರಾ?

ಉತ್ತರವನ್ನು ಕೈಯಿಂದ ಮುಚ್ಚಿ ಒಂದೊಂದನ್ನೇ ಇಂಗ್ಲಿಷಿಗೆ ತಿರುಗಿಸಿ.

‘ಅರ್ಧ ಗಂಟೆಯಿಂದ ನಿಮ್ಮನ್ನೇ ಕಾಯ್ತಿದ್ದೀನಿ.’ ಐ ಹ್ಯಾವ್ ಬೀನ್ ವೇಟಿಂಗ್ ಫಾರ್ ಯು ಫಾರ್ ಹಾಫ್ ಆನ್ ಅವರ್. ಎಕ್ಸ್‌ಪೆಕ್ಟ್‌ಗೆ ಇಲ್ಲಿ ಕೆಲಸವಿಲ್ಲ.

‘ಇಷ್ಟು ಜನ ಬರ್ತಾರೆ ಅಂದ್ಕೊಂಡಿರ್ಲಿಲ್ಲ.’ ಐ ಡಿಡಂಟ್ ಎಕ್ಸ್‌ಪೆಕ್ಟ್ ಸೋ ಮೆನಿ ಪೀಪಲ್ ಟು ಕಮ್.

‘ನಿಮ್ಮ ತಂದೆಯವರು ಬೇಗ ಹುಷಾರಾಗಲಿ.’ ಐ ಹೋಪ್ ಯುವರ್ ಫಾದರ್ ಗೆಟ್ಸ್ ವೆಲ್ ಸೂನ್.

‘ಪಾರ್ಸೆಲ್ ಇವತ್ತು ಬರಬೇಕು.’ ಐ ಆಮ್ ಎಕ್ಸ್‌ಪೆಕ್ಟಿಂಗ್ ದ ಪಾರ್ಸೆಲ್ ಟುಡೇ. ‘ದ ಪಾರ್ಸೆಲ್ ಮಸ್ಟ್ ಕಮ್’ ಎಂದರೆ ಜಗಳಕ್ಕೆ ನಿಂತಂತೆ. ಕನ್ನಡದ ‘ಬರಬೇಕು’ ಇಲ್ಲಿ ಒತ್ತಾಯವಲ್ಲ, ಅಂದಾಜು.

‘ರೈಲು ಲೇಟಾಗಲ್ಲ ಅನ್ಸುತ್ತೆ.’ ಐ ಡೋಂಟ್ ಎಕ್ಸ್‌ಪೆಕ್ಟ್ ದ ಟ್ರೇನ್ ಟು ಬಿ ಲೇಟ್.